ಕೋವಿಡ್ ವರ್ಷಗಳಲ್ಲಿ ಫ್ಲೂ ಎಲ್ಲಿ ಹೋಗಿತ್ತು?

"ಆ ಎರಡು ವರ್ಷ ಯಾರಿಗೂ ಫ್ಲೂ ಬರಲೇ ಇಲ್ವಂತೆ. ಬಂದವರಿಗೆಲ್ಲ ಕೋವಿಡ್ ಅಂತ ಬರೆದುಬಿಟ್ರು, ಅಷ್ಟೇ." ಶಿವಮೊಗ್ಗದ ರವೀಂದ್ರನಗರದ ಪಾರ್ಕಿನ ಬೆಂಚಿನಿಂದ ಹಿಡಿದು ಭದ್ರಾವತಿಯ ಹೋಟೆಲ್ ಟೇಬಲ್ಲಿನವರೆಗೆ, ಮನೆಮನೆಯ ವಾಟ್ಸಾಪ್ ಗುಂಪುಗಳಲ್ಲಿ, ಈ ಮಾತನ್ನು ಕೇಳದವರು ಕಡಿಮೆ. ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ. ಎರಡನೆಯ ಅರ್ಧ ಸುಳ್ಳು. ನಿಜವಾದ ಅರ್ಧ ಜೊತೆಗಿರುವುದರಿಂದಲೇ ಸುಳ್ಳಾದ ಅರ್ಧವೂ ಸುಲಭವಾಗಿ ಚಲಾವಣೆಯಾಗುತ್ತದೆ.

ಫ್ಲೂ ನಿಜವಾಗಿಯೂ ಕಡಿಮೆಯಾಗಿತ್ತೇ, ಅಥವಾ ಯಾರೂ ಅದನ್ನು ಹುಡುಕಲಿಲ್ಲವೇ? ಇದಕ್ಕೆ ಉತ್ತರ ಸಿಗುವುದು ವೈದ್ಯರ ಚೀಟಿಯಲ್ಲಲ್ಲ, ಪ್ರಯೋಗಾಲಯಗಳ ಲೆಕ್ಕದ ಪುಸ್ತಕದಲ್ಲಿ. ಆ ಲೆಕ್ಕವನ್ನು ಓದುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಮಳೆಗಾಲದ ಜ್ವರ ಒಂದೇ ಅಲ್ಲ

ಮಲೆನಾಡಿನವರಿಗೆ ಆರಿದ್ರಾ ಮಳೆ ಹಿಡಿಯಿತೆಂದರೆ ನೆಗಡಿ, ಕೆಮ್ಮು, ಮೈಕೈ ನೋವು ಹೊಸತಲ್ಲ. ಮನೆಯಲ್ಲಿ ಕಾಳುಮೆಣಸಿನ ಕಷಾಯ ಕುದಿಯುತ್ತದೆ, ಹತ್ತಿರದ ಕ್ಲಿನಿಕ್ಕಿನಲ್ಲಿ "ವೈರಲ್ ಫೀವರ್, ಮೂರು ದಿನ ನೋಡೋಣ" ಎನ್ನುತ್ತಾರೆ. ಆದರೆ ಆ ವೈರಲ್ ಎಂಬ ಒಂದೇ ಪದದ ಕೆಳಗೆ ಹತ್ತಾರು ವೈರಸ್‌ಗಳು ಅಡಗಿರುತ್ತವೆ. ಇನ್‌ಫ್ಲುಯೆಂಜಾ ಎ, ಇನ್‌ಫ್ಲುಯೆಂಜಾ ಬಿ, ಪುಟ್ಟ ಮಕ್ಕಳ ಎದೆ ಕಟ್ಟಿಸುವ ಆರ್‌ಎಸ್‌ವಿ, ನೆಗಡಿಗೆ ಮುಖ್ಯ ಕಾರಣವಾದ ರೈನೋವೈರಸ್, ಅಡಿನೋವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಎಚ್‌ಎಂಪಿವಿ, ಮತ್ತು ಕೋವಿಡ್‌ಗಿಂತ ಬಹಳ ಮೊದಲಿನಿಂದಲೂ ನಮ್ಮ ನಡುವೆ ಓಡಾಡಿಕೊಂಡಿದ್ದ ನಾಲ್ಕು ಸಾಮಾನ್ಯ ಕೊರೊನಾವೈರಸ್‌ಗಳು. ಮೂಗು ನೋಡಿ, ಗಂಟಲು ನೋಡಿ ಇವುಗಳಲ್ಲಿ ಯಾವುದು ಎಂದು ಖಚಿತವಾಗಿ ಹೇಳಲು ಎಂಥ ಅನುಭವಿ ವೈದ್ಯರಿಗೂ ಆಗದು.

ಹೆಚ್ಚಿನವರಿಗೆ ಅದನ್ನು ತಿಳಿಯುವ ಅಗತ್ಯವೂ ಇಲ್ಲ, ವಾರದೊಳಗೆ ತಾನಾಗಿ ಗುಣವಾಗುತ್ತದೆ. ಆದರೆ ಊರಿಗೆ, ಜಿಲ್ಲೆಗೆ, ದೇಶಕ್ಕೆ ಅದು ತಿಳಿದಿರಬೇಕು. ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ಯಾವ ತಿಂಗಳಲ್ಲಿ ತುಂಬುತ್ತದೆ, ಈ ವರ್ಷದ ಫ್ಲೂ ಲಸಿಕೆಯಲ್ಲಿ ಯಾವ ತಳಿ ಇರಬೇಕು, ಒಸೆಲ್ಟಾಮಿವಿರ್ ಮಾತ್ರೆಯನ್ನು ಎಷ್ಟು ದಾಸ್ತಾನು ಇಡಬೇಕು ಎಂಬುದೆಲ್ಲ ಅದರ ಮೇಲೆ ನಿಂತಿದೆ. ಆ ತಿಳಿವಳಿಕೆಗಾಗಿ ನಡೆಯುವ ಕೆಲಸಕ್ಕೆ ಪ್ರಯೋಗಾಲಯ ಆಧಾರಿತ ಕಣ್ಗಾವಲು ಎನ್ನುತ್ತಾರೆ.

ಒಂದು ಅಗುಳು ಹಿಸುಕಿ ನೋಡುವ ಕೆಲಸ

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯ ಎಲ್ಲ ಅನ್ನವನ್ನೂ ಯಾರೂ ಹಿಸುಕುವುದಿಲ್ಲ. ಕಣ್ಗಾವಲೂ ಹಾಗೆಯೇ. ಜ್ವರ ಬಂದ ಎಲ್ಲರನ್ನೂ ಪರೀಕ್ಷಿಸದೆ, ಆಯ್ದ ಆಸ್ಪತ್ರೆಗಳಲ್ಲಿ, ನಿಗದಿತ ಲಕ್ಷಣವಿರುವ ಕೆಲವರಿಂದ ಮಾತ್ರ ಪ್ರತಿವಾರ ಮಾದರಿ ತೆಗೆಯುತ್ತಾರೆ. ಲಕ್ಷಣವೆಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ ಮತ್ತು ಕೆಮ್ಮು, ಎರಡೂ ಕಳೆದ ಹತ್ತು ದಿನದೊಳಗೆ ಶುರುವಾಗಿರಬೇಕು. ಇದನ್ನು ಐಎಲ್‌ಐ, ಅಂದರೆ ಫ್ಲೂ ರೀತಿಯ ಕಾಯಿಲೆ ಎನ್ನುತ್ತಾರೆ. ಅದೇ ಲಕ್ಷಣದ ಜೊತೆಗೆ ಆಸ್ಪತ್ರೆಗೆ ದಾಖಲಿಸಬೇಕಾದ ಸ್ಥಿತಿಯಿದ್ದರೆ ಅದು ಸಾರಿ, ಅಂದರೆ ತೀವ್ರ ಉಸಿರಾಟದ ಸೋಂಕು. ಕೋವಿಡ್ ದಿನಗಳಲ್ಲಿ ಆರೋಗ್ಯ ಇಲಾಖೆಯ ದೈನಂದಿನ ಬುಲೆಟಿನ್‌ನಲ್ಲಿ ಈ ಎರಡು ಹೆಸರು ಕಂಡು "ಇದೇನಿದು" ಎಂದುಕೊಂಡವರು ಬಹಳ ಮಂದಿ. ಅವು ಕೋವಿಡ್‌ಗಾಗಿ ಹುಟ್ಟಿದ ಪದಗಳಲ್ಲ. ಫ್ಲೂ ಕಣ್ಗಾವಲಿನಿಂದ ಎರವಲು ಬಂದವು.

ಒಂದು ಅಗುಳಿನ ಲೆಕ್ಕ ಸರಿಯಾಗಬೇಕಾದರೆ ಪಾತ್ರೆಯನ್ನು ಕಲಕಿರಬೇಕು. ಬರೀ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಮಾದರಿ ತೆಗೆದರೆ ಹೊಸನಗರದ ಹಳ್ಳಿಯಲ್ಲಿ ಏನಾಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಭಾರತದ ಕಣ್ಗಾವಲಿನ ದೊಡ್ಡ ಕೊರತೆ ಇಲ್ಲೇ ಇದೆ ಎಂಬುದು ನಮ್ಮ ಅನಿಸಿಕೆ.

ಶಿವಮೊಗ್ಗದವರಿಗೆ ಕಣ್ಗಾವಲು ಎಂಬ ವಿಚಾರ ಹೊಸದೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಕಂಡುಹಿಡಿದ ವೈರಸ್ಸೇ ಮಂಗನ ಕಾಯಿಲೆಯದು. ಇವತ್ತಿಗೂ ಕಾಡಂಚಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆಗೆ ತಿಳಿಸಿ ಎನ್ನುವುದು ಅದಕ್ಕೇ: ಮನುಷ್ಯರಿಗೆ ಬರುವ ಮುಂಚೆ ಮಂಗನ ಸಾವು ಸುಳಿವು ಕೊಡುತ್ತದೆ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನು ಬಲಿ ತೆಗೆದುಕೊಂಡಾಗ, ಪರೀಕ್ಷೆ ಊರಿಗೆ ಹತ್ತಿರದಲ್ಲಿರುವುದು ಎಷ್ಟು ಮುಖ್ಯ ಎಂಬುದು ಜಿಲ್ಲೆಗೆ ಮನವರಿಕೆಯಾಗಿತ್ತು. ಉಸಿರಾಟದ ವೈರಸ್‌ಗಳಿಗೆ ಮಂಗನಂಥ ಮುನ್ಸೂಚಕ ಪ್ರಾಣಿ ಇಲ್ಲ. ಕ್ಲಿನಿಕ್ಕಿಗೆ ಬರುವ ಕೆಮ್ಮಿನ ರೋಗಿಯೇ ಸುಳಿವು.

ಸಿಮ್ಸ್ ಪ್ರಯೋಗಾಲಯ ಮತ್ತು ನೆಗೆಟಿವ್ ರಿಪೋರ್ಟು

2020ರ ಮಾರ್ಚ್‌ನಲ್ಲಿ ಕೋವಿಡ್ ಪರೀಕ್ಷೆ ಮಾಡಬಲ್ಲ ಪ್ರಯೋಗಾಲಯಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟಿದ್ದವು. ಬೆಂಗಳೂರು, ಮೈಸೂರು, ಹಾಸನಗಳ ಜೊತೆ ಆ ಪಟ್ಟಿಯಲ್ಲಿ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಮೆಗ್ಗಾನ್ ಆಸ್ಪತ್ರೆಯ ಆವರಣದ ಸಿಮ್ಸ್ ಕೂಡ ಇತ್ತು. ಅದು ಅದೃಷ್ಟವಲ್ಲ. ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ವೈರಸ್ ಸಂಶೋಧನೆ ಮತ್ತು ರೋಗಪತ್ತೆ ಪ್ರಯೋಗಾಲಯಗಳ ಜಾಲವೊಂದನ್ನು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ಕೋವಿಡ್‌ಗೆ ವರ್ಷಗಳ ಮುಂಚೆಯೇ ಕಟ್ಟತೊಡಗಿತ್ತು. ಯಂತ್ರ, ತರಬೇತಾದ ಸಿಬ್ಬಂದಿ, ಮಾದರಿಯನ್ನು ತಣ್ಣಗೆ ಸಾಗಿಸುವ ಅಭ್ಯಾಸ ಇವೆಲ್ಲ ಇದ್ದ ಕಡೆಯೇ ಹೊಸ ಪರೀಕ್ಷೆಯನ್ನು ವಾರಗಳಲ್ಲಿ ಶುರುಮಾಡಲು ಆಯಿತು.

ಆದರೆ ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲ ಕೋವಿಡ್ ಪ್ರಕರಣಗಳು ದಾಖಲಾದದ್ದು ಆ ವರ್ಷದ ಮೇ ಎರಡನೇ ವಾರದ ಹೊತ್ತಿಗೆ. ಅಲ್ಲಿಯವರೆಗೆ ಪರೀಕ್ಷೆಯಾದ ಜಿಲ್ಲೆಯ ಜ್ವರ, ಕೆಮ್ಮಿನ ರೋಗಿಗಳ ರಿಪೋರ್ಟೆಲ್ಲ ನೆಗೆಟಿವ್. ಹಾಗಾದರೆ ಅವರಿಗೆ ಬಂದದ್ದೇನು?

ದೇಶದ ಮಟ್ಟದಲ್ಲಿಯೂ ಇದೇ ಪ್ರಶ್ನೆಯಿತ್ತು. 2020ರ ಫೆಬ್ರುವರಿ 15ರಿಂದ ಏಪ್ರಿಲ್ 2ರವರೆಗೆ ಐಸಿಎಂಆರ್ ತೀವ್ರ ಉಸಿರಾಟದ ಸೋಂಕಿನಿಂದ ಆಸ್ಪತ್ರೆ ಸೇರಿದ 5,911 ಮಂದಿಯ ಮಾದರಿಗಳಲ್ಲಿ ಕೊರೊನಾವೈರಸ್ ಹುಡುಕಿತು. ಸಿಕ್ಕಿದ್ದು 104 ಮಂದಿಯಲ್ಲಿ, ಅಂದರೆ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಆ 104ರ ಪೈಕಿ 40 ಮಂದಿಗೆ ವಿದೇಶ ಪ್ರಯಾಣದ ಅಥವಾ ಸೋಂಕಿತರ ಸಂಪರ್ಕದ ಇತಿಹಾಸ ಇರಲಿಲ್ಲ ಎಂಬುದು ಆಗ ಸುದ್ದಿಯಾಯಿತು. ಸರಿಯೇ, ಅದು ಆತಂಕದ ವಿಷಯ. ಆದರೆ ಉಳಿದ 5,807 ಮಂದಿಯೂ ಉಸಿರಾಡಲಾಗದೆ ಆಸ್ಪತ್ರೆ ಸೇರಿದವರೇ. ಕೋವಿಡ್ ನೆಗೆಟಿವ್ ಎಂದರೆ ಏನೂ ಇಲ್ಲ ಎಂದಲ್ಲ. ಹುಡುಕಿದ ಒಂದು ವೈರಸ್ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಆ ದಿನಗಳಲ್ಲಿ ನೆಗೆಟಿವ್ ಬಂದ ಸಂಭ್ರಮದಲ್ಲಿ ಹಾಸಿಗೆ ಹಿಡಿದ ಅಜ್ಜಿಯ ಉಬ್ಬಸವನ್ನು ಮರೆತ ಮನೆಗಳೂ ಇದ್ದವು.

ಫ್ಲೂ ವೈರಸ್ಸನ್ನು ಕೋವಿಡ್ ಎಂದು ಪರೀಕ್ಷೆ ತೋರಿಸಬಹುದೇ?

ಮೂಗು ಮತ್ತು ಗಂಟಲಿನಿಂದ ಕಡ್ಡಿಯಲ್ಲಿ ತೆಗೆದ ದ್ರವವನ್ನು ಗುಲಾಬಿ ಬಣ್ಣದ ದ್ರಾವಣದ ಪುಟ್ಟ ಕೊಳವೆಯಲ್ಲಿ ಅದ್ದಿ, ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಅದರಿಂದ ಆರ್‌ಎನ್‌ಎ ಬೇರ್ಪಡಿಸಿ, ಅದರ ನಕಲನ್ನು ಲಕ್ಷ ಲಕ್ಷವಾಗಿ ಹೆಚ್ಚಿಸುತ್ತಾರೆ. ಇದೇ ಆರ್‌ಟಿ-ಪಿಸಿಆರ್. ನಕಲು ಶುರುವಾಗಬೇಕಾದರೆ ಪ್ರೈಮರ್ ಎಂಬ ಚಿಕ್ಕ ತುಣುಕು ವೈರಸ್‌ನ ಆರ್‌ಎನ್‌ಎಯ ಒಂದು ನಿರ್ದಿಷ್ಟ ಜಾಗಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಿಕೊಂಡು ಕೂರಬೇಕು. ಕೊರೊನಾವೈರಸ್‌ನ ಆರ್‌ಎನ್‌ಎ ಸುಮಾರು 30,000 ಅಕ್ಷರಗಳ ಒಂದೇ ಉದ್ದ ಎಳೆ. ಫ್ಲೂ ವೈರಸ್‌ನದು ಎಂಟು ಬೇರೆ ಬೇರೆ ತುಂಡುಗಳು, ಬರಹವೇ ಬೇರೆ. ಒಂದರ ಪ್ರೈಮರ್ ಇನ್ನೊಂದರ ಮೇಲೆ ಕೂರುವುದಿಲ್ಲ. ಫ್ಲೂ ಇರುವ ಮಾದರಿಯನ್ನು ಕೋವಿಡ್ ಕಿಟ್‌ನಲ್ಲಿ ಹಾಕಿದರೆ ಬರುವ ಉತ್ತರ ನೆಗೆಟಿವ್, ಪಾಸಿಟಿವ್ ಅಲ್ಲ.

ಇನ್ನೊಂದು ಸಣ್ಣ ಏರ್ಪಾಡು ಹೆಚ್ಚಿನವರಿಗೆ ಗೊತ್ತಿಲ್ಲ. ಬಹುತೇಕ ಕಿಟ್‌ಗಳಲ್ಲಿ ಮನುಷ್ಯನದೇ ಒಂದು ಜೀನನ್ನೂ ಜೊತೆಗೆ ಹುಡುಕುತ್ತಾರೆ. ಅದೂ ಸಿಗದಿದ್ದರೆ ಕಡ್ಡಿ ಮೂಗಿನೊಳಗೆ ಸರಿಯಾಗಿ ಹೋಗಿಲ್ಲ ಅಥವಾ ಮಾದರಿ ಕೆಟ್ಟಿದೆ ಎಂದರ್ಥ. ಅಂಥದ್ದನ್ನು ನೆಗೆಟಿವ್ ಎಂದು ಬರೆಯುವುದಿಲ್ಲ, ಮತ್ತೆ ಮಾದರಿ ಕೇಳುತ್ತಾರೆ.

ಈ ತಪ್ಪು ನಂಬಿಕೆಗೆ ರೆಕ್ಕೆ ಬಂದದ್ದು 2021ರ ಜುಲೈನಲ್ಲಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ತಾನು ಮೊದಲು ತಯಾರಿಸಿದ್ದ ಕೋವಿಡ್ ಪಿಸಿಆರ್ ಕಿಟ್‌ಗೆ ಪಡೆದಿದ್ದ ತುರ್ತು ಅನುಮತಿಯನ್ನು ವರ್ಷಾಂತ್ಯಕ್ಕೆ ಹಿಂಪಡೆಯುವುದಾಗಿ ಹೇಳಿ, ಫ್ಲೂ ಮತ್ತು ಕೋವಿಡ್ ಎರಡನ್ನೂ ಒಂದೇ ಸಲ ಹುಡುಕುವ ಕಿಟ್‌ಗಳತ್ತ ಹೋಗುವಂತೆ ಪ್ರಯೋಗಾಲಯಗಳಿಗೆ ಸೂಚಿಸಿತು. "ಹಳೆಯ ಕಿಟ್‌ಗೆ ಫ್ಲೂ ಮತ್ತು ಕೋವಿಡ್ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು" ಎಂದು ಅದು ಜಗತ್ತೆಲ್ಲ ಹಬ್ಬಿತು, ಕನ್ನಡದಲ್ಲೂ. ಹಳೆಯ ಕಿಟ್ ಕೋವಿಡ್ ಒಂದನ್ನೇ ಹುಡುಕುತ್ತಿತ್ತು, ಹೊಸದು ಎರಡನ್ನೂ ಹುಡುಕುತ್ತದೆ, ವಿಷಯ ಇಷ್ಟೇ. ಅಕ್ಕಿ ಮಾತ್ರ ಅಳೆಯುವ ಸೇರು ರಾಗಿಯನ್ನು ಅಕ್ಕಿ ಎಂದು ಅಳೆಯಿತು ಎಂದಂತಾಯಿತು ಆ ವಾದ.

ಗುಮಾನಿಗೆ ಸ್ವಲ್ಪ ಆಸ್ಪದ ಇದ್ದದ್ದು ಬೇರೆಡೆ. 2021ರ ಎರಡನೇ ಅಲೆಯ ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆಯ ಫಲಿತಾಂಶ ತಡವಾಗುತ್ತಿದ್ದಾಗ ಎಷ್ಟೋ ರೋಗಿಗಳಿಗೆ ಲಕ್ಷಣ ಮತ್ತು ಎದೆಯ ಸಿ.ಟಿ. ಸ್ಕ್ಯಾನ್ ನೋಡಿಯೇ ಕೋವಿಡ್ ಚಿಕಿತ್ಸೆ ಕೊಟ್ಟರು. ಅವರಲ್ಲಿ ಯಾರೋ ಒಬ್ಬರಿಗೆ ಬೇರೆ ಸೋಂಕು ಇದ್ದಿರಬಹುದು. ಅದು ಪರೀಕ್ಷೆ ಮಾಡದೆ ಊಹಿಸಿದ್ದರ ಫಲ, ಪರೀಕ್ಷೆಯ ದೋಷವಲ್ಲ.

ಹುಡುಕಿದರೂ ಸಿಗದ ಫ್ಲೂ

ನಮ್ಮ ದೇಶದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಎಚ್1ಎನ್1 ಅಂಕಿಗಳನ್ನು ನೋಡಿ. 2019ರಲ್ಲಿ 28,798 ಪ್ರಕರಣ, 1,218 ಸಾವು. 2020ರಲ್ಲಿ 2,752 ಪ್ರಕರಣ, 44 ಸಾವು. 2021ರಲ್ಲಿ 778 ಪ್ರಕರಣ, 12 ಸಾವು. ಇಳಿಕೆ ಕಣ್ಣಿಗೆ ಹೊಡೆಯುತ್ತದೆ. ಆದರೆ ಈ ಅಂಕಿಯೊಂದರಿಂದಲೇ "ಫ್ಲೂ ಕಡಿಮೆಯಾಯಿತು" ಎಂದು ತೀರ್ಮಾನಿಸಿದರೆ ಅನುಮಾನಿಸುವವರ ವಾದ ಸರಿಯಾಗುತ್ತದೆ. ಎಲ್ಲ ಪ್ರಯೋಗಾಲಯಗಳೂ ಕೋವಿಡ್‌ನಲ್ಲಿ ಮುಳುಗಿದ್ದಾಗ ಎಚ್1ಎನ್1 ಪರೀಕ್ಷೆಯೇ ಕಡಿಮೆಯಾಗಿರಲಾರದೇ? ಹೆಚ್ಚು ಹುಡುಕಿದರೆ ಹೆಚ್ಚು ಸಿಗುತ್ತದೆ, ಕಡಿಮೆ ಹುಡುಕಿದರೆ ಕಡಿಮೆ.

ಆದ್ದರಿಂದ ಕೇಳಬೇಕಾದದ್ದು "ಎಷ್ಟು ಸಿಕ್ಕಿತು" ಎಂದಲ್ಲ, "ಎಷ್ಟರಲ್ಲಿ ಎಷ್ಟು ಸಿಕ್ಕಿತು" ಎಂದು. ಇದನ್ನು ಪಾಸಿಟಿವಿಟಿ ದರ ಎನ್ನುತ್ತಾರೆ. ಕೋವಿಡ್ ದಿನಗಳಲ್ಲಿ ಟಿವಿ ಪರದೆಯ ಕೆಳಗೆ ಓಡುತ್ತಿದ್ದ ಅದೇ ಶಬ್ದ.

2020ರ ಏಪ್ರಿಲ್‌ನಿಂದ ಜುಲೈವರೆಗೆ ದಕ್ಷಿಣ ಗೋಳಾರ್ಧದಲ್ಲಿ ಫ್ಲೂ ಏರಬೇಕಿದ್ದ ಕಾಲ. ಆಸ್ಟ್ರೇಲಿಯಾ, ಚಿಲಿ, ದಕ್ಷಿಣ ಆಫ್ರಿಕಾಗಳಲ್ಲಿ 83,307 ಮಾದರಿಗಳಲ್ಲಿ ಫ್ಲೂ ಹುಡುಕಿದರು. ಸಿಕ್ಕಿದ್ದು 51 ಮಾದರಿಗಳಲ್ಲಿ. ಅದಕ್ಕೆ ಹಿಂದಿನ ಮೂರು ವರ್ಷಗಳ ಅದೇ ತಿಂಗಳುಗಳಲ್ಲಿ 1,78,690 ಮಾದರಿಗಳಲ್ಲಿ 24,512 ಪಾಸಿಟಿವ್ ಬಂದಿದ್ದವು, ಅಂದರೆ ಸುಮಾರು ನೂರಕ್ಕೆ 14. ಮುಂದಿನ ಚಳಿಗಾಲದಲ್ಲಿ ಅಮೆರಿಕದ ಆಸ್ಪತ್ರೆ ಪ್ರಯೋಗಾಲಯಗಳು 8,18,939 ಮಾದರಿಗಳನ್ನು ಪರೀಕ್ಷಿಸಿ 1,675ರಲ್ಲಿ ಮಾತ್ರ ಫ್ಲೂ ಕಂಡವು. ಸಾವಿರಕ್ಕೆ ಎರಡು. ಎಂಟು ಲಕ್ಷ ಸಲ ಹುಡುಕಿದ್ದನ್ನು "ಹುಡುಕಲಿಲ್ಲ" ಎನ್ನಲಾಗದು. ಪಾಸಿಟಿವ್ ಬಂದವರನ್ನು ಕೋವಿಡ್ ಪಟ್ಟಿಗೆ ಸೇರಿಸಿದರು ಎನ್ನಲೂ ಆಗದು, ಏಕೆಂದರೆ ಇವು ಫ್ಲೂಗೆಂದೇ ಮಾಡಿದ ಪರೀಕ್ಷೆಗಳು.

ಅದೇ ಮಾಸ್ಕು ಫ್ಲೂ ತಡೆದು ಕೋವಿಡ್ ತಡೆಯಲಿಲ್ಲವೇಕೆ?

ಈ ಪ್ರಶ್ನೆಯಲ್ಲಿ ಹುರುಳಿದೆ. ಉತ್ತರ ಗುಣಾಕಾರದಲ್ಲಿದೆ. ಮಾಮೂಲಿ ಫ್ಲೂ ಒಬ್ಬರಿಂದ ಸರಾಸರಿ ಸುಮಾರು 1.3 ಮಂದಿಗೆ ಹರಡುತ್ತದೆ, ಏಕೆಂದರೆ ನಮ್ಮಲ್ಲಿ ಬಹುಪಾಲು ಜನ ಅದನ್ನು ಮೊದಲೇ ಕಂಡಿದ್ದೇವೆ, ಸ್ವಲ್ಪವಾದರೂ ಪ್ರತಿರೋಧ ಇದೆ. ಹೊಸದಾಗಿ ಬಂದ ಕೊರೊನಾವೈರಸ್ ಆರಂಭದಲ್ಲಿ ಒಬ್ಬರಿಂದ ಎರಡೂವರೆ, ಮೂರು ಮಂದಿಗೆ ಹರಡುತ್ತಿತ್ತು. ಶಾಲೆ ಮುಚ್ಚಿ, ಬಸ್ಸು ನಿಲ್ಲಿಸಿ, ಮಾಸ್ಕು ಹಾಕಿ ಹರಡುವಿಕೆಯನ್ನು ಅರ್ಧಕ್ಕೆ ಇಳಿಸಿದಿರಿ ಎನ್ನಿ. ಫ್ಲೂ 0.65ಕ್ಕೆ ಬರುತ್ತದೆ, ನೂರು ಮಂದಿಯಿಂದ 65, ಅವರಿಂದ 42, ಹೀಗೆ ಕೆಲವೇ ವಾರದಲ್ಲಿ ನಂದಿಹೋಗುತ್ತದೆ. ಕೊರೊನಾ 1.3ಕ್ಕೆ ಇಳಿಯುತ್ತದೆ. ನಿಧಾನವಾದರೂ ಬೆಳೆಯುತ್ತಲೇ ಹೋಗುತ್ತದೆ. ಜೊತೆಗೆ ಹೊಸ ಫ್ಲೂ ತಳಿಗಳನ್ನು ದೇಶದಿಂದ ದೇಶಕ್ಕೆ ಒಯ್ಯುವ ವಿಮಾನ ಪ್ರಯಾಣವೇ ನಿಂತುಹೋಗಿತ್ತು.

ಎಲ್ಲ ವೈರಸ್‌ಗಳೂ ಹೀಗೆ ಬಾಲ ಮುದುರಿಕೊಳ್ಳಲಿಲ್ಲ ಎಂಬುದು ನಮಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ಸಂಗತಿ. ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ಆ ಎರಡು ವರ್ಷವೂ ರೈನೋವೈರಸ್ ಸಿಗುತ್ತಲೇ ಇತ್ತು. ಫ್ಲೂ ಮತ್ತು ಕೊರೊನಾ ವೈರಸ್‌ಗಳ ಹೊರಗೆ ಕೊಬ್ಬಿನ ಪೊರೆಯಿದೆ, ಸೋಪು ಮತ್ತು ಸ್ಯಾನಿಟೈಸರ್ ಅದನ್ನು ಒಡೆಯುತ್ತವೆ. ರೈನೋವೈರಸ್‌ಗೆ ಆ ಪೊರೆಯೇ ಇಲ್ಲ. ಸ್ಯಾನಿಟೈಸರ್‌ಗೆ ಅಷ್ಟು ಬಗ್ಗದು, ಬಾಗಿಲ ಹಿಡಿಯ ಮೇಲೂ ಹೆಚ್ಚು ಹೊತ್ತು ಉಳಿಯುತ್ತದೆ. ಎಲ್ಲ ಕಡೆ ಎಲ್ಲ ವೈರಸ್ಸೂ ಒಟ್ಟಿಗೆ ಮಾಯವಾಗಿದ್ದರೆ ಪರೀಕ್ಷೆಯಲ್ಲೇ ಏನೋ ಎಡವಟ್ಟಾಗಿದೆ ಎಂದು ಅನುಮಾನಿಸಬಹುದಿತ್ತು. ಹಾಗಾಗಲಿಲ್ಲ.

ಆರ್‌ಎಸ್‌ವಿ ಇನ್ನೊಂದು ಬಗೆ. ಮೊದಲು ಮರೆಯಾಯಿತು, ನಿರ್ಬಂಧ ಸಡಿಲವಾದಾಗ ಹೊತ್ತಲ್ಲದ ಹೊತ್ತಿನಲ್ಲಿ ಎದ್ದಿತು. ಆಸ್ಟ್ರೇಲಿಯಾದಲ್ಲಿ 2020ರ ಕೊನೆಯ ಬೇಸಿಗೆಯಲ್ಲಿ, ಅಮೆರಿಕದಲ್ಲಿ 2021ರ ಬೇಸಿಗೆಯಲ್ಲಿ ಮಕ್ಕಳ ವಾರ್ಡುಗಳು ತುಂಬಿದವು. ಆ ವೈರಸ್ಸನ್ನೇ ಕಾಣದ ಪುಟ್ಟ ಮಕ್ಕಳ ಸಂಖ್ಯೆ ಅಷ್ಟು ಬೆಳೆದಿತ್ತು. ಈ ಏಟನ್ನು ಮುಂಚಿತವಾಗಿ ಕಾಣಲು ಸಾಧ್ಯವಾದದ್ದು ಕೋವಿಡ್ ನಡುವೆಯೂ ಹಳೆಯ ವೈರಸ್‌ಗಳ ಲೆಕ್ಕ ಬಿಡದೆ ಇಟ್ಟುಕೊಂಡ ಕಡೆಗಳಲ್ಲಿ ಮಾತ್ರ.

ಕರ್ನಾಟಕಕ್ಕೆ ಮರಳಿದ ವೈರಸ್‌ಗಳು

ಭಾರತದಲ್ಲಿ ಫ್ಲೂ ಮತ್ತು ಕೋವಿಡ್ ಎರಡನ್ನೂ ಒಂದೇ ಮಾದರಿಯಲ್ಲಿ ಹುಡುಕುವ ಕಣ್ಗಾವಲನ್ನು ಐಸಿಎಂಆರ್ ತನ್ನ ಪ್ರಯೋಗಾಲಯ ಜಾಲದಲ್ಲಿ 2021ರಲ್ಲಿ ವ್ಯವಸ್ಥಿತವಾಗಿ ಆರಂಭಿಸಿತು. ಅದು ಬೇಗನೆ ಕೆಲಸಕ್ಕೆ ಬಂತು. 2023ರ ಆರಂಭದಲ್ಲಿ ವಾರಗಟ್ಟಲೆ ಬಿಡದ ಕೆಮ್ಮು ದೇಶದ ತುಂಬ ಕಾಣಿಸಿಕೊಂಡಾಗ "ಕೋವಿಡ್ ಮತ್ತೆ ಬಂತೇ" ಎಂಬ ಗಾಬರಿ ಹುಟ್ಟಿತು. ಮಾದರಿಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ಎಚ್3ಎನ್2 ಫ್ಲೂ. 1968ರ ಮಹಾಮಾರಿಯಾಗಿ ಬಂದು ಅಂದಿನಿಂದ ಮನುಷ್ಯರಲ್ಲೇ ಉಳಿದ ಹಳೆಯ ಗಿರಾಕಿ. ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅದರಿಂದ ಸಂಭವಿಸಿದ ಮೊದಲ ಎರಡು ಸಾವುಗಳನ್ನು ದೃಢಪಡಿಸಿತು. ಒಂದು ಹರಿಯಾಣದ್ದು, ಇನ್ನೊಂದು ನಮ್ಮ ಹಾಸನ ಜಿಲ್ಲೆಯ ಹಿರಿಯರೊಬ್ಬರದು. "ಬರೀ ಫ್ಲೂ" ಎಂಬ ಮಾತಿನಲ್ಲಿ ಆ "ಬರೀ" ಎಷ್ಟು ಹುಸಿ ಎಂಬುದಕ್ಕೆ ಮೇಲಿನ 2019ರ 1,218 ಸಾವುಗಳೇ ಸಾಕು.

2025ರ ಜನವರಿ 6ರಂದು ಬೆಂಗಳೂರಿನ ಆಸ್ಪತ್ರೆಯೊಂದರ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದ ಸುದ್ದಿ ಬಂದಾಗ ಅರ್ಧ ದಿನದಲ್ಲಿ "ಹೊಸ ಚೀನಾ ವೈರಸ್ ಕರ್ನಾಟಕಕ್ಕೆ ಕಾಲಿಟ್ಟಿತು" ಎಂದಾಯಿತು. ಅಂಗಡಿಯಲ್ಲಿ ಮತ್ತೆ ಮಾಸ್ಕು ಕೇಳುವವರು ಬಂದರು. ಅಸಲಿಗೆ ಆ ಮಕ್ಕಳಲ್ಲಿ ಅದು ಸಿಕ್ಕಿದ್ದು ಮಾಮೂಲಿ ಕಣ್ಗಾವಲಿನ ಭಾಗವಾಗಿ ಹಲವು ವೈರಸ್‌ಗಳನ್ನು ಹುಡುಕಿದ್ದರಿಂದ, ಮತ್ತು ಅವರಿಗೆ ವಿದೇಶ ಪ್ರಯಾಣದ ಇತಿಹಾಸವೇ ಇರಲಿಲ್ಲ. ಎಚ್‌ಎಂಪಿವಿಯನ್ನು ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಅಲ್ಲಿ ಕಾಪಿಟ್ಟಿದ್ದ ಹಳೆಯ ರಕ್ತದ ಮಾದರಿಗಳನ್ನು ನೋಡಿದಾಗ 1958ರಲ್ಲೇ ಅದು ಜನರಲ್ಲಿ ಓಡಾಡುತ್ತಿತ್ತು ಎಂದು ತಿಳಿಯಿತು. ಹೊಸದಾಗಿ ಬಂದದ್ದು ವೈರಸ್ ಅಲ್ಲ, ಅದನ್ನು ಹುಡುಕುವ ಕಿಟ್. ಇಂಥ ಸುದ್ದಿ ಬಂದಾಗಲೆಲ್ಲ ಹಳೆಯ ಪ್ರಶ್ನೆಯನ್ನೇ ಕೇಳಿ: ಎಷ್ಟರಲ್ಲಿ ಎಷ್ಟು? ಕಳೆದ ವರ್ಷ ಇದೇ ತಿಂಗಳು ಎಷ್ಟಿತ್ತು?

ಕಾಣೆಯಾದ ಒಂದು ತಳಿ, ಬದಲಾದ ಒಂದು ಲಸಿಕೆ

ಫ್ಲೂ ಬಿ ವೈರಸ್‌ನಲ್ಲಿ ಎರಡು ವಂಶಗಳು, ವಿಕ್ಟೋರಿಯಾ ಮತ್ತು ಯಮಗಾಟ. 2020ರ ಮಾರ್ಚ್ ನಂತರ ಯಮಗಾಟ ವಂಶದ ವೈರಸ್ ಸಹಜವಾಗಿ ಹರಡಿದ ಖಚಿತ ಪ್ರಕರಣ ಜಗತ್ತಿನ ಎಲ್ಲಿಯೂ ಸಿಕ್ಕಿಲ್ಲ. 1952ರಿಂದ ನಡೆಯುತ್ತಿರುವ ವಿಶ್ವ ಆರೋಗ್ಯ ಸಂಸ್ಥೆಯ ಫ್ಲೂ ಕಣ್ಗಾವಲು ಜಾಲದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಸೇರಿ ನೂರಕ್ಕೂ ಹೆಚ್ಚು ದೇಶಗಳ ಪ್ರಯೋಗಾಲಯಗಳಿವೆ. ವರ್ಷಗಟ್ಟಲೆ ಹುಡುಕಿಯೂ ಸಿಗದಿದ್ದರಿಂದ, ಲಸಿಕೆಯಲ್ಲಿ ಯಮಗಾಟದ ಅಂಶ ಇನ್ನು ಬೇಕಿಲ್ಲ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯ ಸಲಹಾ ಸಮಿತಿ ಹೇಳಿತು. ನಾಲ್ಕು ತಳಿಗಳ ಲಸಿಕೆ ಮೂರು ತಳಿಗಳದಾಗುತ್ತಿರುವುದು ಇದರಿಂದ. "ಮೂರರದ್ದು ಕಳಪೆ, ನಾಲ್ಕರದ್ದು ಒಳ್ಳೆಯದು" ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ಲಸಿಕೆಯ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಪ್ರಕಟಿಸುತ್ತದೆ, ಉತ್ತರ ಗೋಳಾರ್ಧಕ್ಕೆ ಫೆಬ್ರುವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರ್‌ನಲ್ಲಿ. ಭೂಪಟದಲ್ಲಿ ನಾವು ಉತ್ತರ ಗೋಳಾರ್ಧದವರಾದರೂ ಭಾರತದ ಹೆಚ್ಚಿನ ಊರುಗಳಲ್ಲಿ ಫ್ಲೂ ಏರುವುದು ಮುಂಗಾರಿನಲ್ಲಿ, ಶ್ರೀನಗರದಂಥ ಕಡೆ ಮಾತ್ರ ಚಳಿಗಾಲದಲ್ಲಿ. ಇದನ್ನು ತೋರಿಸಿಕೊಟ್ಟದ್ದೂ ಹಲವು ನಗರಗಳಲ್ಲಿ ವರ್ಷಗಟ್ಟಲೆ ನಡೆದ ವಾರವಾರದ ಮಾದರಿ ಲೆಕ್ಕವೇ. ಹಾಗಾಗಿ ಮಲೆನಾಡಿನ ಅರವತ್ತು ದಾಟಿದವರು, ಬಸುರಿಯರು, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇರುವವರು ವೈದ್ಯರನ್ನು ಕೇಳಿ ಲಸಿಕೆ ಹಾಕಿಸಿಕೊಳ್ಳುವುದಾದರೆ ಏಪ್ರಿಲ್, ಮೇ ತಿಂಗಳು ಒಳ್ಳೆಯ ಹೊತ್ತು, ಮಳೆ ಹಿಡಿಯುವ ಮುಂಚೆ. ಪೆಟ್ಟಿಗೆಯ ಮೇಲೆ ಯಾವ ವರ್ಷದ ತಳಿ ಎಂದು ಬರೆದಿರುತ್ತದೆ, ಕೇಳಿ ನೋಡಿ. ಹಾಕಿಸಿಕೊಳ್ಳದವರಿಗೆ ಫ್ಲೂ ಬಂದು, ಅವರು ಈ ಅಪಾಯದ ಗುಂಪಿನವರಾಗಿದ್ದರೆ, ಒಸೆಲ್ಟಾಮಿವಿರ್ ಹೆಚ್ಚು ಫಲ ಕೊಡುವುದು ಜ್ವರ ಶುರುವಾದ ಮೊದಲ 48 ಗಂಟೆಗಳಲ್ಲಿ. "ಮೂರು ದಿನ ನೋಡೋಣ" ಎನ್ನುವ ಮಾತು ಅವರಿಗೆ ಅನ್ವಯಿಸುವುದಿಲ್ಲ.